ಉದ್ಯೋಗದ ಉತ್ತರಕ್ಕೆ ಕಾಯುವಾಗ ಜಠರಾಗ್ನಿಯ ರಕ್ಷಣೆ

ಕಳೆದ ಶ್ರಾವಣಮಾಸದಲ್ಲಿ ಶ್ರೀಮಠಕ್ಕೆ ದರ್ಶನಾರ್ಥವಾಗಿ ಬಂದಿದ್ದ ತಾಯಿಯೊಬ್ಬರು ತಮ್ಮ ಮಗನನ್ನು ನಮ್ಮ ಬಳಿಗೆ ಕರೆತಂದರು. “ಡಾಕ್ಟರ್ರೀ, ಇವಗ ಹೊಟ್ಟೀನೂ ಸಮ ಇಲ್ಲ, ನಿದ್ದೀನೂ ಬರವಲ್ದು” ಎಂದರು. ಯುವಕನು ಇಂಜಿನಿಯರಿಂಗ್ ಪದವೀಧರ. ಬೆಂಗಳೂರಿನ ಕಂಪನಿಯೊಂದರಲ್ಲಿ ಸಂದರ್ಶನ ಮುಗಿಸಿ ಬಂದು 23 ದಿನಗಳಾಗಿದ್ದವು. ಒಂದು ವಾರದಲ್ಲಿ ತಿಳಿಸುವುದಾಗಿ ಹೇಳಿದ್ದರಂತೆ. ನಾಲಗೆಯ ಮೇಲೆ ಬಿಳಿಯ ಲೇಪ, ಹೊಟ್ಟೆಯುಬ್ಬರ, ಮಲಬದ್ಧತೆ. ನಾವು ಮಾತನಾಡಿಸಿದ ಹತ್ತು ನಿಮಿಷಗಳಲ್ಲಿ ಆತ ಆರು ಬಾರಿ ಮೊಬೈಲನ್ನು ತೆರೆದು ನೋಡಿದ. ರೋಗನಿದಾನಕ್ಕೆ ನಮಗೆ ಅಷ್ಟೇ ಸಾಕಾಯಿತು.

ಹಿತವಾದ ಆಹಾರವನ್ನು ಹಿತವಾದ ಪ್ರಮಾಣದಲ್ಲಿಯೇ ಸೇವಿಸಿದರೂ ಚಿಂತೆ, ಶೋಕ, ಭಯ, ಕ್ರೋಧಗಳಿಂದಲೂ ರಾತ್ರಿ ಜಾಗರಣೆಯಿಂದಲೂ ಅದು ಪಚನವಾಗದು ಎಂಬ ವಿಚಾರ ಚರಕಸಂಹಿತೆಯ ವಿಮಾನಸ್ಥಾನದಲ್ಲಿದೆ. ಚಿಂತೆಯಿಂದ ವಾತ ಕೆರಳುತ್ತದೆ, ವಾತ ಕೆರಳಿದರೆ ಅಗ್ನಿ ವಿಷಮವಾಗುತ್ತದೆ. ಒಂದು ದಿನ ಹಸಿವು ವಿಪರೀತ, ಮರುದಿನ ಅನ್ನ ಕಂಡರೆ ಬೇಡ. ಆಧುನಿಕ ವೈದ್ಯಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಆತಂಕದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್‌ಗಳು ಹೆಚ್ಚುತ್ತವೆ, ಹೊಟ್ಟೆಯ ಕಡೆಗಿನ ರಕ್ತಸಂಚಾರ ಕುಗ್ಗುತ್ತದೆ, ಜಠರವು ಆಹಾರವನ್ನು ಮುಂದಕ್ಕೆ ಕಳುಹಿಸಲು ತಡಮಾಡುತ್ತದೆ. ಅಪಾಯ ಕ್ಷಣಕಾಲದ್ದಾದರೆ ದೇಹ ಸರಿಹೋಗುತ್ತದೆ. ಆದರೆ ಕಾಯುವಿಕೆಗೆ ಅಂತ್ಯದ ದಿನವೇ ಗೊತ್ತಿರುವುದಿಲ್ಲ. ತಿರಸ್ಕಾರದ ಪತ್ರ ಬಂದವನು ನಾಲ್ಕು ದಿನ ದುಃಖಪಟ್ಟು ಉಣ್ಣಲಾರಂಭಿಸುತ್ತಾನೆ. ಏನೂ ಬಾರದವನು ಪ್ರತಿದಿನವೂ ಹೊಸದಾಗಿ ಹೆದರುತ್ತಾನೆ ಎಂಬುದು ನಮ್ಮ ಅನುಭವ.

ನಾವು ಬಿ.ಎ.ಎಂ.ಎಸ್. ಮುಗಿಸಿದ ಕಾಲದಲ್ಲಿಯೂ ಕಾಯುತ್ತಿದ್ದೆವು. ಆದರೆ ಅಂಚೆಯಣ್ಣ ದಿನಕ್ಕೊಮ್ಮೆ ಬರುತ್ತಿದ್ದ. ಅವನು ಓಣಿ ದಾಟಿದನೆಂದರೆ ಮರುದಿನದವರೆಗೆ ಮನಸ್ಸಿಗೆ ಬಿಡುವು. ಇಂದಿನ ಮಕ್ಕಳ ಅಂಚೆಯಣ್ಣ ಕಿಸೆಯಲ್ಲಿಯೇ ಇದ್ದಾನೆ, ರಾತ್ರಿ ದಿಂಬಿನ ಕೆಳಗೂ ಇರುತ್ತಾನೆ. ಆದುದರಿಂದ ನಾವು ಬರೆದುಕೊಟ್ಟ ಮೊದಲ ಪಥ್ಯ ಆಹಾರದ್ದಲ್ಲ: ಇ-ಮೇಲ್ ನೋಡುವುದು ಬೆಳಿಗ್ಗೆ 11ಕ್ಕೆ ಒಮ್ಮೆ, ಸಂಜೆ 5ಕ್ಕೆ ಒಮ್ಮೆ. ಕರೆ ಬಂದರೆ ಫೋನು ತಾನೇ ಸದ್ದುಮಾಡುತ್ತದೆ. ಅವರು ಹೇಳಿದ ಅವಧಿ ಮೀರಿದ್ದರೆ ವಿನಯದಿಂದ ಒಂದು ಪತ್ರ ಬರೆದು ವಿಚಾರಿಸುವುದರಲ್ಲಿ ತಪ್ಪಿಲ್ಲ. ಆ ಯುವಕ ಸಂಕೋಚದಿಂದ ಅದನ್ನೂ ಮಾಡಿರಲಿಲ್ಲ.

ಇನ್ನು ಆಹಾರ. ಹಸಿವಿಲ್ಲವೆಂದು ಊಟ ಬಿಟ್ಟು ಚಹಾ ಕುಡಿಯುವುದು, ರಾತ್ರಿ ಹತ್ತಕ್ಕೆ ಮಿರ್ಚಿ ಮಂಡಕ್ಕಿ ತಿನ್ನುವುದು ವಾತಕ್ಕೆ ಕೊಟ್ಟ ಆಹ್ವಾನವೇ ಸರಿ. ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ತುಸು ತುಪ್ಪ ಬೆರೆಸಿದ ಹೆಸರುಬೇಳೆಯ ಕಿಚಡಿ, ಅಥವಾ ಮೆತ್ತನೆಯ ರೊಟ್ಟಿ, ಬೇಯಿಸಿದ ಪಲ್ಯ ಉಣ್ಣಬೇಕು. ಮಧ್ಯಾಹ್ನದ ಊಟಕ್ಕೆ ಜೀರಿಗೆ, ಸೈಂಧವ ಹಾಕಿದ ತಿಳಿಮಜ್ಜಿಗೆ. ಮಧ್ಯಾಹ್ನ ಮೂರರ ಬಳಿಕ ಚಹಾ, ಕಾಫಿ ಬೇಡ. ಅವನಿಗೆ ಹಿಂಗ್ವಾಷ್ಟಕ ಚೂರ್ಣವನ್ನು ತುಪ್ಪದೊಡನೆ ಮೊದಲ ತುತ್ತಿನಲ್ಲಿ ಕೊಟ್ಟೆವು. ಎದೆಯುರಿ ಇರುವವರು ಇದನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಜಾಹೀರಾತು ನೋಡಿ ಅಶ್ವಗಂಧದ ಮಾತ್ರೆ ತರಿಸಿಕೊಳ್ಳುವವರಿಗೂ ಅದೇ ಮಾತು. ಥೈರಾಯ್ಡ್ ಔಷಧಿ ಸೇವಿಸುವವರು, ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ಅದರಿಂದ ದೂರವಿರಬೇಕು.

ನಿದ್ರೆಗಾಗಿ ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಹತ್ತು ನಿಮಿಷ ತಿಕ್ಕಬೇಕು. ನಿದ್ರೆ ಬಾರದವರಿಗೆ ಅಭ್ಯಂಗ, ಸ್ನಾನ, ಹಾಲು, ಮನಸ್ಸಿಗೆ ಹಿತವಾದ ಶಬ್ದಗಳನ್ನು ಚರಕರು ಹೇಳಿದ್ದಾರೆ. ಬೆಳಿಗ್ಗೆ ಎದ್ದೊಡನೆ ಕೈಗೆ ಬರಬೇಕಾದದ್ದು ಇಷ್ಟಲಿಂಗವೇ ಹೊರತು ಮೊಬೈಲಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿದಾಗ ಉಸಿರು ನಿಧಾನವಾಗುವುದನ್ನು ಪೂಜೆ ಮಾಡುವವರೆಲ್ಲ ಬಲ್ಲರು. ಕೆಟ್ಟ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯ ಚಿಕಿತ್ಸೆಗೆ ಇದಕ್ಕಿಂತ ಸುಲಭವಾದ ದಾರಿ ನಮಗೆ ತಿಳಿಯದು. ಹಗಲಿಗೆ ಏನಾದರೊಂದು ಕಾಯಕವೂ ಬೇಕು. ಸಂಬಳದ ನೌಕರಿ ಸಿಗುವವರೆಗೆ ಕೈಕಟ್ಟಿ ಕೂರಬೇಕೆಂಬುದು ಶರಣರ ಮಾತಲ್ಲ. ಆತನನ್ನು ಸೋಮವಾರಗಳಂದು ದಾಸೋಹದಲ್ಲಿ ಬಡಿಸಲು ಬರಹೇಳಿದೆವು.

ತಂದೆತಾಯಿಗಳಿಗೆ ಒಂದು ವಿನಂತಿ. ಆ ಯುವಕನ ತಂದೆ ಪ್ರತಿದಿನ ಊಟಕ್ಕೆ ಕುಳಿತಾಗಲೇ “ಏನಾರ ಬಂತೇನಪಾ?” ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ತುತ್ತು ಅಲ್ಲಿಗೇ ನಿಲ್ಲುತ್ತಿತ್ತು. ಬಂದಿದ್ದರೆ ಅವನೇ ಓಡಿಬಂದು ಹೇಳುವುದಿಲ್ಲವೇ?

ಎರಡು ವಾರ ಮೀರಿಯೂ ನಿದ್ರೆ ಬಾರದಿದ್ದರೆ, ತೂಕ ಇಳಿದರೆ, ಯಾರೊಡನೆಯೂ ಮಾತು ಬೇಡವೆನಿಸಿದರೆ ಅದು ಕೇವಲ ಅಜೀರ್ಣವಲ್ಲ. “ನಾನು ಇದ್ದೇನು ಪ್ರಯೋಜನ” ಎಂಬ ಮಾತು ಒಮ್ಮೆ ಬಾಯಿಂದ ಹೊರಟರೂ ನಮ್ಮ ಚೂರ್ಣ, ಎಣ್ಣೆಗಳಿಗಾಗಿ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆ ಕಂಪನಿಯಿಂದ ಇದುವರೆಗೂ ಉತ್ತರ ಬಂದಿಲ್ಲ. ಯುವಕನು ಈ ನಡುವೆ ಹುಬ್ಬಳ್ಳಿಯಲ್ಲಿ ಮತ್ತೆರಡು ಸಂದರ್ಶನಗಳಿಗೆ ಹೋಗಿಬಂದಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ರಾತ್ರಿ ಆರು ತಾಸು ಮಲಗುತ್ತಾನೆ. ಚೂರ್ಣವನ್ನು ಮೂರು ವಾರಗಳ ಬಳಿಕ ನಿಲ್ಲಿಸಿದ್ದೇವೆ.