ಸಮುದ್ರಮೀನಿನ ತೊಟ್ಟಿ: ಗಾಜಿನ ಕೋಡಿಪೆಟ್ಟಿಗೆಗೆ ಕಪ್ಪು ಮರೆ



ಕೆರೆಯ ಕೋಡಿಗೆ ಜೊಂಡು, ಕಸಕಡ್ಡಿ ಸಿಕ್ಕಿಕೊಂಡರೆ ಏನಾಗುತ್ತದೆಂಬುದು ನಿಮಗೆ ತಿಳಿದದ್ದೇ. ನೀರು ತನ್ನ ದಾರಿ ಬಿಟ್ಟು ಏರಿಯ ಮೇಲೆ ಹರಿಯುತ್ತದೆ. ಅಲಂಕಾರಿಕ ಸಮುದ್ರಮೀನು ಸಾಕುವ ಗಾಜಿನ ತೊಟ್ಟಿಗೂ ಇಂಥದೊಂದು ಕೋಡಿ ಇದೆ. ಇದನ್ನು ಓವರ್‌ಫ್ಲೋ ಪೆಟ್ಟಿಗೆ ಎನ್ನುತ್ತಾರೆ. ನಾವು ಕೋಡಿಪೆಟ್ಟಿಗೆ ಎಂದು ಕರೆಯೋಣ. ಕೆರೆಯ ಕೋಡಿಗೆ ಜೊಂಡು ಶತ್ರುವಾದರೆ ಈ ಪೆಟ್ಟಿಗೆಗೆ ಪಾಚಿ ಶತ್ರು. ಅದನ್ನು ದೂರವಿಡುವ ಸುಲಭ ಉಪಾಯವೆಂದರೆ ಪೆಟ್ಟಿಗೆಗೆ ಬೆಳಕು ಬೀಳದಂತೆ ಮಾಡುವುದು.

ಕೋಡಿಪೆಟ್ಟಿಗೆಯ ಕೆಲಸ

ತೊಟ್ಟಿಯ ಒಂದು ಮೂಲೆಯಲ್ಲಿ ಗಾಜಿನ ಹಲಗೆಗಳಿಂದ ಈ ಪೆಟ್ಟಿಗೆಯನ್ನು ಕಟ್ಟಿರುತ್ತಾರೆ. ಇದರ ಮೇಲಂಚಿನಲ್ಲಿ ಬಾಚಣಿಗೆಯಂತೆ ಹಲ್ಲುಗಳಿರುತ್ತವೆ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆ ಹಲ್ಲುಗಳ ಸಂದಿನಿಂದ ಪೆಟ್ಟಿಗೆಗೆ ಬಿದ್ದು, ಕೊಳವೆಯ ಮೂಲಕ ಕೆಳಗಿನ ಸಂಪಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾದ ನೀರನ್ನು ಪಂಪು ಮತ್ತೆ ಮೇಲಕ್ಕೆತ್ತುತ್ತದೆ.

ಪಾಚಿ ಅಲ್ಲಿಯೇ ಏಕೆ?

ಪಾಚಿಗೆ ಬೇಕಾದದ್ದು ಬೆಳಕು, ಗೊಬ್ಬರ ಮತ್ತು ನೀರು. ತೆರೆದ ಬಾನಿಯಲ್ಲಿ ಪಾಚಿ ಕಟ್ಟುತ್ತದೆ. ಮುಚ್ಚಿಟ್ಟ ಕೊಡದಲ್ಲಿ ಕಟ್ಟುವುದಿಲ್ಲ. ಮೀನಿನ ತ್ಯಾಜ್ಯದಿಂದ ಬರುವ ನೈಟ್ರೇಟ್ ಮತ್ತು ಫಾಸ್ಫೇಟ್ ನಿಮ್ಮ ಬೆಳೆಗೆ ಹೇಗೋ ಪಾಚಿಗೂ ಹಾಗೆಯೇ ಗೊಬ್ಬರ. ಅವು ತುಂಬಿದ ನೀರೆಲ್ಲ ಈ ಪೆಟ್ಟಿಗೆಯ ಮೂಲಕವೇ ಹಾಯುತ್ತದೆ. ಗಾಜು ಬೆಳಕನ್ನು ತಡೆಯುವುದಿಲ್ಲ. ಪಾಚಿಯನ್ನು ಮೇಯುವ ಮೀನು ಒಳಗಿಲ್ಲ. ನಿಮ್ಮ ಕೈಯೂ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಹೀಗಾಗಿ ಪಾಚಿ ನೂಲಿನಂತೆ ಬೆಳೆದು, ಕಿತ್ತುಬಂದು, ಕೊಳವೆಯ ಬಾಯಿಗೆ ಅಡರಿಕೊಳ್ಳುತ್ತದೆ.

ನಷ್ಟದ ಲೆಕ್ಕ

ತೊಟ್ಟಿ ೧೨೦ ಸೆಂ.ಮೀ. ಉದ್ದ, ೪೫ ಸೆಂ.ಮೀ. ಅಗಲವಿದೆ ಎನ್ನೋಣ. ಇದರಲ್ಲಿ ನೀರು ೧ ಸೆಂ.ಮೀ. ಏರಿದರೆ ೫.೪ ಲೀಟರ್ ಹೆಚ್ಚಾದಂತೆ. ಹಲ್ಲುಗಳು ಕಟ್ಟಿಕೊಂಡು ನೀರು ೨ ಸೆಂ.ಮೀ. ಏರಿದರೆ ೧೦.೮ ಲೀಟರ್ ಮೇಲೆಯೇ ಉಳಿಯುತ್ತದೆ. ಸಂಪಿನಲ್ಲಿ ಪಂಪು ಇರುವ ಅಂಕಣ ೩೦ ಸೆಂ.ಮೀ. ಚೌಕವಾಗಿದ್ದರೆ ಅಲ್ಲಿನ ನೀರು ೧೨ ಸೆಂ.ಮೀ. ಇಳಿಯುತ್ತದೆ. ಪಂಪು ಗಾಳಿ ಎಳೆದು ಸುಟ್ಟುಹೋಗಬಹುದು. ಅಂಕಣದಲ್ಲಿ ನೀರು ಹೆಚ್ಚಾಗಿದ್ದರೆ ಅದು ಮೇಲಿನ ತೊಟ್ಟಿಯ ಅಂಚು ಮೀರಿ ನೆಲಕ್ಕೆ ಹರಿಯುತ್ತದೆ. ರಾತ್ರಿ ಹೀಗಾದರೆ ಬೆಳಗಾಗುವಷ್ಟರಲ್ಲಿ ಮೀನುಗಳಿಗೆ ಉಸಿರು ಸಾಲದೆ ಹೋಗುತ್ತದೆ.

ಕಪ್ಪು ಮಾಡುವ ಕ್ರಮ

೧. ಹೊರಬದಿ: ಪೆಟ್ಟಿಗೆಯ ಹಿಂದಿನ ಗೋಡೆ ತೊಟ್ಟಿಯ ಹೊರಗಾಜೇ ಆಗಿದ್ದರೆ ಕೆಲಸ ಸುಲಭ. ಗಾಜನ್ನು ಒರೆಸಿ ಒಣಗಿಸಿ, ಹೊರಗಿನಿಂದ ಕಪ್ಪು ಎನಾಮೆಲ್ ಬಣ್ಣವನ್ನು ಎರಡು ಮೂರು ಸಲ ಬಳಿಯಿರಿ. ಒಂದು ಲೇಪನ ಒಣಗಿದ ಮೇಲೆಯೇ ಇನ್ನೊಂದು ಬಳಿಯಬೇಕು. ತುಂಬಿರುವ ತೊಟ್ಟಿಯ ಹತ್ತಿರ ಬಣ್ಣದ ಕೆಲಸ ಬೇಡ. ಅಲ್ಲಿ ಕಪ್ಪು ವಿನೈಲ್ ಹಾಳೆ ಅಂಟಿಸಿದರೆ ಸಾಕು.

೨. ಒಳಗೋಡೆ: ಪೆಟ್ಟಿಗೆಗೂ ಮೀನಿಗೂ ನಡುವಿನ ಗಾಜು ಎರಡು ಕಡೆಯೂ ನೀರಿನಲ್ಲಿರುತ್ತದೆ. ಇದಕ್ಕೆ ಬಣ್ಣ ಬಳಿಯಲೇಬಾರದು. ಸುಲಿದು ನೀರಿಗೆ ಬೀಳುತ್ತದೆ. ಬದಲಿಗೆ ೩ ಮಿ.ಮೀ. ದಪ್ಪದ ಕಪ್ಪು ಅಕ್ರಿಲಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಪೆಟ್ಟಿಗೆಯ ಒಳಗಿನಿಂದ ಗಾಜಿಗೆ ಒರಗಿಸಿ ಇಳಿಬಿಡಿ. ಹಾಳೆಯು ಹಲ್ಲುಗಳನ್ನಾಗಲಿ ಕೊಳವೆಯ ಬಾಯಿಯನ್ನಾಗಲಿ ಮುಚ್ಚಬಾರದು. ಬೇಕಾದಾಗ ಎತ್ತಿ ತೊಳೆಯುವಂತಿರಲಿ.

೩. ಖಾಲಿ ತೊಟ್ಟಿ: ತೊಟ್ಟಿ ಖಾಲಿ ಇದ್ದರೆ ಹಾಳೆಯ ಸುತ್ತಂಚಿಗೆ ಸಿಲಿಕೋನ್ ಅಂಟು ಹಾಕಿ ಪೂರ್ತಿ ಮುಚ್ಚಬಹುದು. ಮೊದಲು ಹಳೆಯ ಪಾಚಿಯನ್ನು ಕೆರೆದು, ವಿನಿಗರ್‌ನಿಂದ ಒರೆಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಅಂಟು ಹಾಕಿದ ಮೇಲೆ ಒಂದು ವಾರ ಆರಲು ಬಿಡಿ.

೪. ಹೊಸ ತೊಟ್ಟಿ: ಹೊಸದಾಗಿ ಮಾಡಿಸುವವರು ಪೆಟ್ಟಿಗೆಯ ಗೋಡೆಗಳಿಗೆ ಕಪ್ಪು ಗಾಜನ್ನೇ ಹಾಕಿಸುವುದು ಲೇಸು. ಗಾಜಿಗೆ ಗಾಜು ಬಿಗಿಯಾಗಿ ಅಂಟುತ್ತದೆ. ಅಕ್ರಿಲಿಕ್‌ಗೆ ಸಿಲಿಕೋನಿನ ಹಿಡಿತ ಕಡಿಮೆ.

೫. ಮುಚ್ಚಳ: ಹೆಚ್ಚಿನ ಬೆಳಕು ಬೀಳುವುದು ಮೇಲಿನ ದೀಪದಿಂದ. ಆದ್ದರಿಂದ ಕಪ್ಪು ಹಾಳೆಯ ಮುಚ್ಚಳವನ್ನು ಮರೆಯಬೇಡಿ. ಅದನ್ನು ಬಿಗಿಯಾಗಿ ಕೂರಿಸಬಾರದು. ಗಾಳಿಗೆ ಸಂದು ಬೇಕು.

೬. ಪರೀಕ್ಷೆ: ರಾತ್ರಿ ಕೋಣೆಯ ದೀಪಗಳನ್ನು ಆರಿಸಿ, ಮುಚ್ಚಳದ ಸಂದಿನಿಂದ ಪೆಟ್ಟಿಗೆಯೊಳಕ್ಕೆ ಟಾರ್ಚ್ ಬೆಳಕು ಬಿಡಿ. ಹೊರಗೆ ಬೆಳಕು ಕಾಣುವ ಜಾಗದಲ್ಲೆಲ್ಲ ಹಗಲು ಬೆಳಕು ಒಳಗೂ ಹೋಗುತ್ತದೆ.

ಎಚ್ಚರಿಕೆಗಳು

ಬೂಷ್ಟು ನಿರೋಧಕ ಬೆರೆಸಿದ ಸಿಲಿಕೋನ್ ಬಳಸಬೇಡಿ. ಮೀನಿನ ತೊಟ್ಟಿಗೆಂದೇ ಮಾರುವ ಶುದ್ಧ ಸಿಲಿಕೋನ್ ಕೊಳ್ಳಿ. ತಾಮ್ರ, ಹಿತ್ತಾಳೆ, ಸತು ಲೇಪಿಸಿದ ಮೊಳೆ ತಿರುಪುಗಳು ಒಳಗೆ ಬೇಡ. ಉಪ್ಪುನೀರು ಅವನ್ನು ತಿನ್ನುತ್ತದೆ. ಕರಗಿದ ತಾಮ್ರ ಬಸವನಹುಳು, ಸಿಗಡಿಗಳಿಗೆ ವಿಷ. ಕಪ್ಪು ಬಳಿದ ಗಾಜಿಗೆ ಮಧ್ಯಾಹ್ನದ ಬಿಸಿಲು ಬಿದ್ದರೆ ನೀರು ಕಾಯುತ್ತದೆ. ತೊಟ್ಟಿಯನ್ನು ಕಿಟಕಿಯಿಂದ ದೂರವಿಡಿ.

ಕಪ್ಪು ಮಾಡಿದ ಮೇಲೆ

ಕತ್ತಲೆ ಮಾಡಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಹಲ್ಲುಗಳ ಮೇಲೆ ಬೆಳಕು ಬೀಳುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿರಿ. ಕಪ್ಪು ಗೋಡೆಯಿಂದ ಒಂದು ತೊಂದರೆಯೂ ಇದೆ: ಒಳಗೆ ಬಿದ್ದ ಮೀನಾಗಲಿ ಬಸವನಹುಳುವಾಗಲಿ ನಿಮಗೆ ಕಾಣುವುದಿಲ್ಲ. ಆದ್ದರಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ರೂಢಿ ಮಾಡಿಕೊಳ್ಳಿ.

ಇನ್ನೂ ಒಂದು ಮಾತು. ಕತ್ತಲೆ ಪೆಟ್ಟಿಗೆಯೊಳಗಿನ ಪಾಚಿಯನ್ನು ತಡೆಯುತ್ತದೆಯೇ ಹೊರತು ನೀರಿನ ಗೊಬ್ಬರವನ್ನು ಕಡಿಮೆ ಮಾಡುವುದಿಲ್ಲ. ತೊಟ್ಟಿಯ ಕಲ್ಲುಗಳ ಮೇಲೂ ಪಾಚಿ ಹೆಚ್ಚಿದರೆ ಆಹಾರ ಹೆಚ್ಚಾಗಿದೆ ಎಂದೇ ಅರ್ಥ. ಮೀನು ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ವಾರಕ್ಕೆ ಹತ್ತನೆಯ ಒಂದು ಪಾಲು ನೀರು ಬದಲಿಸಿ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಉಪಕಾರಿ ಬ್ಯಾಕ್ಟೀರಿಯಗಳಿಗೆ ಕತ್ತಲೆಯಿಂದ ತೊಂದರೆಯಿಲ್ಲ. ತೀವ್ರ ಬೆಳಕೇ ಅವಕ್ಕೆ ಆಗದು.

ಹವಳ ಬೇಡ, ಕ್ಲೌನ್ ಮೀನು ಸಾಕು

ಹೊರದೇಶಗಳಲ್ಲಿ ಇಂಥ ತೊಟ್ಟಿಗಳಲ್ಲಿ ಜೀವಂತ ಹವಳ ಬೆಳೆಸುತ್ತಾರೆ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಗಿದೆ. ಸಮುದ್ರದಿಂದ ಅವನ್ನು ಕೀಳುವುದು, ಮಾರುವುದು ಅಪರಾಧ. ಸತ್ತ ಹವಳದ ಕಲ್ಲಿಗೂ ಇದೇ ನಿಯಮ. ಸಿಮೆಂಟಿನ ಕಲ್ಲು, ಮಣ್ಣಿನ ಕುಂಡಗಳನ್ನೇ ಇಟ್ಟು ಕ್ಲೌನ್ ಮೀನು ಸಾಕಿರಿ. ಅವು ಕುಂಡದ ಮೇಲೆಯೇ ಮೊಟ್ಟೆ ಅಂಟಿಸುತ್ತವೆ. ಇವುಗಳ ಮರಿ ಮಾಡುವ ವಿಧಾನವನ್ನು ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವು ರೂಪಿಸಿದೆ.

ಒಂದು ಹಾಳೆ ಅಕ್ರಿಲಿಕ್, ಒಂದು ಮಧ್ಯಾಹ್ನದ ಶ್ರಮ: ಖರ್ಚು ಇಷ್ಟೇ. ಮಳೆಗಾಲಕ್ಕೆ ಮುಂಚೆ ಕೆರೆಯ ಕೋಡಿಯನ್ನು ಸರಿಮಾಡಿಕೊಳ್ಳುವ ನೀವು, ಮೀನು ಬಿಡುವ ಮುಂಚೆಯೇ ಈ ಕೋಡಿಗೂ ಮರೆ ಕಟ್ಟಿರಿ.