ಗೆಜ್ಜೆ ಬಿಚ್ಚಿದ ಮೇಲೆ ಶುರುವಾಗುವ ಆಟ

ಕೊಪ್ಪ: ಪತ್ತನಾಜೆ ಕಳೆದು ಕಲಾವಿದರು ಗೆಜ್ಜೆ ಬಿಚ್ಚಿಟ್ಟರೆ ಯಕ್ಷಗಾನ ಮುಗಿಯಿತು ಎಂದುಕೊಂಡವರು ಘಟ್ಟದ ಮೇಲಿನ ಪೇಟೆಗಳನ್ನು ಕಂಡವರಲ್ಲ. ಮೇ ಕೊನೆಗೆ ಮೇಳಗಳ ತಿರುಗಾಟ ನಿಲ್ಲುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಗ ಬಸ್ ನಿಲ್ದಾಣದ ಎದುರಿನ ಹೋಟೆಲುಗಳಲ್ಲಿ, ಅಡಿಕೆ ಮಂಡಿಯ ಜಗಲಿಯಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಅದಕ್ಕೆ ಚೆಂಡೆಯೂ ಬೇಡ, ಟಿಕೇಟೂ ಇಲ್ಲ. ಪ್ರಸಂಗದ ಹೆಸರು ಒಂದೇ: ‘ಬರುವ ವರ್ಷ ಯಾರು ಯಾವ ಮೇಳಕ್ಕೆ?’

“ಸ್ತ್ರೀವೇಷದವರು ಬಿಟ್ರಂತೆ ಮಾರಾಯ್ರೆ.”

“ಯಾರು ಹೇಳಿದ್ದು?”

“ಹೇಳುದೆಂತ, ಊರೆಲ್ಲ ಸುದ್ದಿ. ಆಚೆ ಮೇಳದವರು ಅಡ್ವಾನ್ಸ್ ಕೊಟ್ಟೇ ಆಯ್ತಂತೆ.”

“ಅವ್ರು ಹೋದ್ರೆ ಈ ಮೇಳಕ್ಕೆ ಉಳಿಯುದೆಂತ? ಬರೀ ಡೇರೆ!”

ಹೀಗೆ ಎರಡು ಕಪ್ ಕಾಫಿಗೆ ಒಂದು ಮೇಳ ಒಡೆಯುತ್ತದೆ, ಮೂರನೆಯ ಕಪ್ಪಿಗೆ ಮತ್ತೆ ಕಟ್ಟಲ್ಪಡುತ್ತದೆ. ಗಲ್ಲಾದ ಹಿಂದೆ ಕೂತ ಕುಂದಾಪುರ ಕಡೆಯ ಯಜಮಾನರು ಚಿಲ್ಲರೆ ಎಣಿಸುತ್ತಲೇ ತೀರ್ಪು ಕೊಡುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕುಗಳಲ್ಲಿ ಹೋಟೆಲು, ಜವಳಿ, ದಿನಸಿ ನಡೆಸುವವರಲ್ಲಿ ಕರಾವಳಿಯಿಂದ ಹತ್ತಿ ಬಂದ ಮನೆತನಗಳು ಬಹಳ. ಅಂಗಡಿಯ ಜತೆಗೆ ಅವರು ತಂದದ್ದು ಆಟದ ಹುಚ್ಚು. ಆಗುಂಬೆ ಘಾಟಿ ಹತ್ತಿದ್ದು ಬರೀ ಅಕ್ಕಿ, ಒಣಮೀನು ಅಲ್ಲ ಎನ್ನುವುದು ಇಲ್ಲಿಯವರ ಹಳೆಯ ತಮಾಷೆ.

ಹೊರಗಿನವರಿಗೆ ಈ ಮಾತು ಕೇಳಿದರೆ ಕ್ರಿಕೆಟ್ ಹರಾಜಿನ ಚರ್ಚೆ ಎಂದೇ ಭ್ರಮೆಯಾದೀತು. ತಪ್ಪೂ ಅಲ್ಲ. ಅದೇ ಬೆಂಚಿನಲ್ಲಿ ಅದೂ ನಡೆಯುತ್ತದೆ. 2024ರ ನವೆಂಬರ್‌ನಲ್ಲಿ ಜೆದ್ದಾದಲ್ಲಿ ಹರಾಜಾದಾಗ ಆರ್‌ಸಿಬಿಯವರು 2018ರಿಂದ ತಮ್ಮಲ್ಲಿದ್ದ ಸಿರಾಜ್‌ನನ್ನು ಬಿಟ್ಟುಕೊಟ್ಟರು, ಗುಜರಾತಿನವರು 12.25 ಕೋಟಿಗೆ ಕೊಂಡರು. ‘ಬಿಡಬಾರದಿತ್ತು’ ಎಂದು ಇಲ್ಲಿ ಎಷ್ಟು ಗಾಜಿನ ಲೋಟ ಕುಟ್ಟಿದರೋ! ನಮ್ಮವರೇ ಆದ ರಾಹುಲ್ 14 ಕೋಟಿಗೆ ದೆಹಲಿಗೆ ಹೋದರೆಂದು ಇನ್ನೊಂದು ಸಿಟ್ಟು. 2025ರ ಜೂನ್ 3ರಂದು ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಹದಿನೆಂಟನೆಯ ವರ್ಷಕ್ಕೆ ಕಪ್ ಬಂದಾಗ ಸಿಟ್ಟು ಮಾಡಿದವರೇ ಪಟಾಕಿ ಹೊಡೆದರು. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡ ಸುದ್ದಿ ಬಂದ ಮೇಲೆ ಆ ಮಾತನ್ನು ಕೆಲದಿನ ಯಾರೂ ಎತ್ತಲಿಲ್ಲ.

ಆದರೆ ಹರಾಜಿಗೂ ಮೇಳದ ಕರಾರಿಗೂ ಅಜಗಜಾಂತರ. ಹರಾಜಿನಲ್ಲಿ ಕೂಗುವವನು ಕಾಣುತ್ತಾನೆ, ಮೊತ್ತ ಕೇಳಿಸುತ್ತದೆ. ಮೇಳದಲ್ಲಿ ಎರಡೂ ಗುಟ್ಟು.

ಮಾತು, ಮುಂಗಡ, ಮುಲಾಜು

ನಡೆಯುವುದು ಹೀಗೆ. ನವೆಂಬರಿನಿಂದ ಮೇ ತನಕ ಒಂದು ತಿರುಗಾಟ. ಅಷ್ಟಕ್ಕೆ ಯಜಮಾನರಿಗೂ ಕಲಾವಿದನಿಗೂ ಒಪ್ಪಂದ. ಮಳೆಗಾಲದಲ್ಲಿ ಯಜಮಾನರು ಮುಂಗಡ ಕೊಡುತ್ತಾರೆ, ಕಲಾವಿದ ಮಾತು ಕೊಡುತ್ತಾನೆ. ಕಾಗದ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮುಂಗಡ ಮುಟ್ಟಿದರೆ ಆ ವರ್ಷಕ್ಕೆ ಕಟ್ಟುಬಿದ್ದ ಹಾಗೆ. ಮುಂದೆ ತಿರುಗಾಟದ ಸಂಬಳದಲ್ಲಿ ಅದು ಮುರಿಯುತ್ತದೆ. ಮನೆಯ ಮಾಡಿಗೆ ಹಂಚು, ಮಗಳ ಮದುವೆ, ಆಸ್ಪತ್ರೆ ಎಂದು ಹೆಚ್ಚು ತೆಗೆದುಕೊಂಡವನಿಗೆ ಒಂದು ತಿರುಗಾಟದಲ್ಲಿ ತೀರಲಿಲ್ಲವೋ, ಇನ್ನೊಂದು ವರ್ಷವೂ ಅಲ್ಲೇ. ಬಿಡಬೇಕೆಂದರೆ ಬಾಕಿ ಚುಕ್ತಾ ಮಾಡಬೇಕು. ಆಚೆಯ ಯಜಮಾನರು ಆ ಬಾಕಿಯನ್ನು ತಾವು ತೀರಿಸಿ ಕರೆದುಕೊಂಡು ಹೋಗುವುದೂ ಉಂಟು.

ಮಲೆನಾಡಿನ ವ್ಯಾಪಾರಸ್ಥನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟದ ಚೇಣಿಯೂ ಹೀಗೇ ತಾನೆ? ಮಳೆಗಾಲದಲ್ಲಿ ಹಣ ಕೊಟ್ಟು ಫಸಲು ಹಿಡಿಯುವುದು, ಆಮೇಲೆ ಕೊಳೆ ಬಂದರೆ ಹಣೆಬರಹ! ಮಂಡಿಯ ಗುಮಾಸ್ತರೊಬ್ಬರು ಹೇಳುವಂತೆ, “ಕಲಾವಿದನ ಗಂಟಲು, ಕಾಲು ಎರಡೂ ಫಸಲೇ. ಮುಂಗಡ ಕೊಡೋನು ಮರ ನೋಡಿ ಕೊಡ್ತಾನೆ.”

ಎಲ್ಲ ಮೇಳಗಳ ಲೆಕ್ಕವೂ ಒಂದೇ ಅಲ್ಲ. ಮಂದಾರ್ತಿ, ಕಟೀಲಿನಂಥ ಹರಕೆ ಮೇಳಗಳಿಗೆ ದೇವಿಯ ಹೆಸರೇ ಬಂಡವಾಳ. ಆಟ ಆಡಿಸುತ್ತೇನೆಂದು ಹರಕೆ ಹೊತ್ತವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ವೇಷಧಾರಿ ಬದಲಾದನೆಂದು ಹರಕೆ ಬದಲಾಗುವುದಿಲ್ಲ. ಅದಕ್ಕಾಗಿಯೇ ಒಂದೇ ಕ್ಷೇತ್ರದಿಂದ ಐದಾರು ಮೇಳ ಹೊರಡುತ್ತವೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಕಥೆ ಬೇರೆ. ಅಲ್ಲಿ ಊರಿನ ಕಂಟ್ರಾಕ್ಟುದಾರ ಇಂತಿಷ್ಟು ಎಂದು ಕೊಟ್ಟು ಒಂದು ರಾತ್ರಿಯ ಕ್ಯಾಂಪ್ ಹಿಡಿಯುತ್ತಾನೆ. ಕುರ್ಚಿ ಟಿಕೇಟು, ನೆಲದ ಟಿಕೇಟು ಮಾರಿ ಬಂದದ್ದು ಅವನದು, ಹೋದದ್ದೂ ಅವನದೇ. ಅಲ್ಲಿ ಹೆಸರಿಗೇ ಬೆಲೆ. ಹೆಸರಿನ ಹಿಂದೆ ಜಗಳ.

ಜಗಳ ಇಂದಿನದಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಪಳ್ಳಿ ಸೋಮನಾಥ ಹೆಗ್ಡೆಯವರ ಸಾಲಿಗ್ರಾಮ ಮೇಳ ಹೆಸರು ಮಾಡಿತ್ತು. ಕಾಳಿಂಗ ನಾವಡರ ಪದ್ಯ ಕೇಳಲು ಜನ ಲಾರಿ ಹತ್ತಿ ಹೋಗುತ್ತಿದ್ದ ಕಾಲ ಅದು. ಅವರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆರಡೂ ತುಂಬಿರಲಿಲ್ಲ. ತಿರುಗಾಟ ಮುಗಿಯುವ ಹೊತ್ತಿಗೇ ಹೀಗಾದದ್ದರಿಂದ, ಆ ಮಳೆಗಾಲ ಹೋಟೆಲುಗಳಲ್ಲಿ ‘ಆ ಜಾಗಕ್ಕೆ ಯಾರು?’ ಎಂದು ಕೇಳುವುದಕ್ಕೂ ಜನ ಹೆದರಿದರು ಎಂದು ಹಳಬರು ಈಗಲೂ ಹೇಳುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹಲವು ಮೇಳ ಕಂಡವರು. ಅವರು ಹೋದಲ್ಲಿಗೆ ಅಭಿಮಾನಿಯೂ ಗಂಟು ಕಟ್ಟಿ ಹೋದ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ‘ನಮ್ಮ ಮೇಳದವರು’ ಎಂದು ಹೇಳಿಕೊಳ್ಳಲು ನಾಲ್ಕು ಮೇಳದ ಅಭಿಮಾನಿಗಳಿದ್ದರು!

ತೀರ ಈಚಿನದೂ ಇದೆ. 2019ರ ನವೆಂಬರ್‌ನಲ್ಲಿ ಕಟೀಲು ಮೇಳದ ತಿರುಗಾಟ ಹೊರಡುವ ಸೇವೆಯಾಟದ ದಿನವೇ ಭಾಗವತ ಪಟ್ಲ ಸತೀಶ ಶೆಟ್ಟರನ್ನು ರಂಗಸ್ಥಳದಿಂದ ಕೆಳಗಿಳಿಸಿದ ಸುದ್ದಿ ಘಟ್ಟದ ಮೇಲಿಗೂ ಬೆಳಗಾಗುವುದರೊಳಗೆ ಮುಟ್ಟಿತು. ಯಜಮಾನರ ಮಾತು ಸರಿ ಎಂದವರು ಒಂದು ಬೆಂಚು, ಭಾಗವತರ ಕಡೆಯವರು ಇನ್ನೊಂದು ಬೆಂಚು. ಮರುವರ್ಷ ಪಾವಂಜೆ ಮೇಳ ಹುಟ್ಟಿತು, ಪಟ್ಲರು ಅಲ್ಲಿ ಹಾಡಿದರು. ಬೆಂಚುಗಳು ಮಾತ್ರ ಬಹಳ ಕಾಲ ಒಂದಾಗಲಿಲ್ಲ.

ಅಭಿಮಾನಿ ಬೆಂಚಿನಲ್ಲಿ, ಕಲಾವಿದ ಮನೆಯಲ್ಲಿ

ಇಷ್ಟೆಲ್ಲ ಚರ್ಚೆ ಮಾಡುವ ಮಹಾಶಯರು ಮರೆಯುವ ಒಂದು ಸಂಗತಿ ಇದೆ. ಹೆಸರಾದ ಹತ್ತು ಮಂದಿಯ ಬಗ್ಗೆ ಮಾತಾಡುತ್ತಾರೆ. ಮೇಳದಲ್ಲಿ ಹೊರಡುವವರು ನಲವತ್ತು ಮಂದಿಯ ಆಸುಪಾಸು. ಕೋಡಂಗಿ, ಬಾಲಗೋಪಾಲ ಕುಣಿಯುವ ಹುಡುಗರು, ಪೀಠಿಕೆ ಸ್ತ್ರೀವೇಷದವರು, ಪೆಟ್ಟಿಗೆ ಹೊರುವವರು, ಅಡಿಗೆಯವರು. ಇವರ ಹೆಸರು ಯಾವ ಹೋಟೆಲಿನಲ್ಲೂ ಕೇಳಿಬರುವುದಿಲ್ಲ. ಇವರನ್ನು ಯಾರೂ ಎಳೆಯುವುದೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಬಳವಿಲ್ಲ. ಮುಂಗಡ ಸಿಕ್ಕರೆ ಅಕ್ಕಿ, ಇಲ್ಲದಿದ್ದರೆ ಕೂಲಿ. ಕೆಲವರು ಹೋಟೆಲಿನಲ್ಲಿ ನಿಲ್ಲುತ್ತಾರೆ, ಕೆಲವರು ಗದ್ದೆಗಿಳಿಯುತ್ತಾರೆ. ಇಬ್ಬರು ವೇಷಧಾರಿಗಳು, ಭಾಗವತರು, ಚೆಂಡೆ ಮದ್ದಳೆಯವರು ಸೇರಿ ‘ಚಿಕ್ಕಮೇಳ’ ಕಟ್ಟಿಕೊಂಡು ಕರಾವಳಿಯಲ್ಲಿ ಸಂಜೆ ಮನೆಮನೆಗೆ ಹೋಗುವುದೂ ಹೊಟ್ಟೆಪಾಡಿಗೇ. ಹೆಸರು ಮಾಡಿದವರಿಗೆ ಬೆಂಗಳೂರು, ಮುಂಬಯಿ ಪ್ರವಾಸ ಉಂಟು. ತಾಳಮದ್ದಲೆ ಉಂಟು.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಮೇಳಗಳು ನಡುದಾರಿಯಲ್ಲಿ ನಿಂತವು. ಮುಂಗಡ ತೆಗೆದುಕೊಂಡವನ ಬಾಕಿ ತೀರಲಿಲ್ಲ, ಮುಂಗಡ ಕೊಟ್ಟವನ ಗಂಟು ಬರಲಿಲ್ಲ. ಕಂಟ್ರಾಕ್ಟುದಾರ ಅಚ್ಚು ಹಾಕಿಸಿದ ಹ್ಯಾಂಡ್‌ಬಿಲ್ಲು ಬಚ್ಚಲಿಗೆ ಹೋಯಿತು. ಅದೇ ಪಟ್ಲರ ಹೆಸರಿನ ಯಕ್ಷಧ್ರುವ ಪಟ್ಲ ಫೌಂಡೇಶನ್ನಿನಂಥವರು ಕಲಾವಿದರ ಔಷಧಿಗೆ, ಮನೆಗೆ ಕೈ ನೀಡುವುದನ್ನು ಇಂಥ ಹೊತ್ತಿನಲ್ಲಿ ನೆನೆಯಬೇಕು. ‘ಮೇಳ ಬಿಟ್ಟು ಹೋದ’ ಎಂದು ಬೈಯುವವರು ಹೋದವನ ಮನೆಯ ಒಲೆಯನ್ನೂ ಒಮ್ಮೆ ಇಣುಕಬೇಕಲ್ಲ?

ದೊಡ್ಡ ದುಡ್ಡಿನ ಆಟಗಳಲ್ಲೂ ಇದು ತಪ್ಪಿದ್ದಲ್ಲ. ನರಸಿಂಹರಾಜಪುರದಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಎನ್.ಆರ್.ಪುರದಲ್ಲಿ, ಕೇರಳದಿಂದ ಬಂದು ರಬ್ಬರು ಹಾಕಿದವರ ಮನೆಯ ಹುಡುಗರಿಗೆ ಫುಟ್‌ಬಾಲೇ ಯಕ್ಷಗಾನ. ಅವರ ಹೋಟೆಲು ಚರ್ಚೆ ಬ್ಲಾಸ್ಟರ್ಸ್ ಯಾರನ್ನು ಉಳಿಸಿಕೊಳ್ಳಬೇಕು, ಬೆಂಗಳೂರು ಎಫ್‌ಸಿ ಯಾರನ್ನು ಬಿಡಬೇಕು ಎಂಬುದು. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗಿನ ಮುಂದಿನ ಸೀಸನ್ನನ್ನೇ ತಡೆಹಿಡಿದರು. ಲೀಗು ನಡೆಸುವವರಿಗೂ ಫುಟ್‌ಬಾಲ್ ಫೆಡರೇಶನ್ನಿಗೂ 2010ರಲ್ಲಿ ಆದ ಹದಿನೈದು ವರ್ಷದ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಹೇಳಿತು. ‘ಯಾರನ್ನು ಬಿಡಬೇಕು’ ಎನ್ನುತ್ತಿದ್ದ ಹುಡುಗರು ‘ಆಟವೇ ಉಂಟೋ ಇಲ್ಲವೋ’ ಎನ್ನುವಂತಾಯಿತು. ಸುನಿಲ್ ಚೆಟ್ರಿಯಂಥವರ ತಂಡಕ್ಕೇ ಹೀಗಾದರೆ ಕೋಡಂಗಿ ವೇಷದ ಹುಡುಗನ ಪಾಡೇನು?

ಇನ್ನೊಂದು ಕಂಟಕ ಕಾಲಮಿತಿ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ನಡುರಾತ್ರಿಗೆ ಮುಗಿದರೆ ಅಂಗಡಿಯವರಿಗೆ ಸುಖ, ಮರುದಿನ ಬಾಗಿಲು ತೆಗೆಯಬಹುದು. ಆದರೆ ಇಡೀ ರಾತ್ರಿಗೆ ಮೂವರು ಭಾಗವತರು ಹಂಚಿಕೊಳ್ಳುತ್ತಿದ್ದ ಪದ್ಯ ಐದು ಗಂಟೆಯಲ್ಲಿ ಎಷ್ಟು ಜನಕ್ಕೆ ಸಿಕ್ಕೀತು? ಕಲಿಯುವ ಹುಡುಗರಿಗೆ ಸಂಜೆಯ ಪೂರ್ವರಂಗವೇ ಶಾಲೆ. ಮೊದಲು ಕತ್ತರಿ ಬೀಳುವುದು ಅದಕ್ಕೇ. “ಅರ್ಧ ರಾತ್ರಿ ಆಟಕ್ಕೆ ಅರ್ಧ ಮೇಳ ಸಾಕು ಅಂತ ಯಾವತ್ತೋ ಒಂದಿನ ಯಜಮಾನ್ರಿಗೆ ಅನ್ನಿಸ್ತದೆ, ನೋಡ್ತಾ ಇರಿ” ಎನ್ನುತ್ತಾರೆ ಶೃಂಗೇರಿಯ ಒಬ್ಬ ಹಳೆಯ ಮದ್ದಳೆ ಪ್ರಿಯರು. ಮಾತು ಕಹಿ. ಸುಳ್ಳೆಂದು ತೆಗೆದುಹಾಕುವಂತಿಲ್ಲ.

ಮಳೆಗಾಲದ ಚರ್ಚೆಯಿಂದ ನಿಜವಾಗಿ ಲಾಭ ನಷ್ಟ ಆಗುವವನು ಊರಿನ ಕಂಟ್ರಾಕ್ಟುದಾರನೇ. ಜನವರಿಯಲ್ಲಿ ಕ್ಯಾಂಪ್ ಬೇಕಾದರೆ ಮಳೆಗಾಲದಲ್ಲೇ ದಿನ ಗೊತ್ತುಮಾಡಿ ವೀಳ್ಯ ಕೊಡಬೇಕು. ಆಗ ಅವನ ಕೈಯಲ್ಲಿರುವುದು ಮೇಳದ ಹೆಸರು ಮಾತ್ರ, ಕಲಾವಿದರ ಪಟ್ಟಿ ಇಲ್ಲ. ಯಾರನ್ನು ನಂಬಿ ದುಡ್ಡು ಹಾಕಿದನೋ ಅವರೇ ಅಕ್ಟೋಬರಿಗೆ ಮೇಳ ಬಿಟ್ಟರೆ? ಎನ್.ಆರ್.ಪುರದಲ್ಲಿ ಜವಳಿ ಅಂಗಡಿ ಇಟ್ಟ ಒಬ್ಬರು ಇಂಥ ಸಂಕಟಕ್ಕೆ ತಮ್ಮದೇ ಔಷಧಿ ಕಂಡುಕೊಂಡಿದ್ದಾರೆ. ಶಾಲೆಯ ಕಟ್ಟಡಕ್ಕೆ ಸಹಾಯಾರ್ಥ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪಕ್ಷರ ಹಾಕಿಸುವುದು, ಕಲಾವಿದರ ಹೆಸರು ಸಣ್ಣಕ್ಷರ. “ಹೆಸರು ನೋಡಿ ಬರೋನು ಹೆಸರಿಲ್ಲದಿದ್ರೆ ಬರಲ್ಲ ಕಣ್ರೀ. ಶಾಲೆಗೆ ಅಂತ ಬರೋನು ಚಳೀಲೂ ಬರ್ತಾನೆ.” ಆದರೂ ಹೋದ ಸಲ ಗಳಿಕೆ ಸಾಲದೆ ಕೈಯಿಂದ ಹಾಕಿದ್ದನ್ನು ಅವರು ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಿಂದೆ ಇದೆಲ್ಲ ಬಸ್ಸಿನಲ್ಲೇ ಇತ್ಯರ್ಥವಾಗುತ್ತಿತ್ತು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ಕಂಡಕ್ಟರಿಗೆ ಗೊತ್ತಿರದ ಮೇಳದ ಸುದ್ದಿ ಇರಲಿಲ್ಲ. 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಸುದ್ದಿ ಮೊಬೈಲಿಗೆ ಹತ್ತಿತು. ಈಗ ಸುಳ್ಳು ಪಟ್ಟಿಗೂ ಬಣ್ಣದ ಫೋಟೋ ಇರುತ್ತದೆ.

ಆ ಕಾಲದ ನಿವೃತ್ತ ಕಂಡಕ್ಟರೊಬ್ಬರು ಹೋಟೆಲಿನ ಮೂಲೆಯಲ್ಲಿ ಬನ್ಸ್ ಮುರಿಯುತ್ತ ಎಲ್ಲ ಕೇಳಿಸಿಕೊಂಡು, “ನಾವು ಕಂಪನಿ ನಮ್ಮದು ಅಂತ ಮಾಡ್ಕೊಂಡ್ವಿ. ಇಪ್ಪತ್ತೊಂಬತ್ತು ವರ್ಷ ಎಳೆದ್ವಿ. ಕಲಾವಿದ್ರೇ ಸೇರಿ ಒಂದು ಮೇಳ ಮಾಡಿದ್ರೆ ಮುಂಗಡದ ತಾಪತ್ರಯವೇ ಇರಲ್ಲ, ಅಲ್ವಾ?” ಎಂದರು.

“ಡೇರೆ ಸಾಲ ಯಾರ ಹೆಸರಲ್ಲಿ?” ಎಂದರು ಗಲ್ಲಾದ ಯಜಮಾನರು.

ಕಂಡಕ್ಟರು ನಕ್ಕು ಕೈ ತೊಳೆಯಲು ಎದ್ದರು. ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವ ಬಸ್ಸು ಮಳೆಯಲ್ಲಿ ಹಾರ್ನ್ ಹೊಡೆಯಿತು. ಬೆಂಚು ಅರ್ಧ ಖಾಲಿಯಾಯಿತು. ಕೊನೆಗೆ ಹತ್ತಿದ ಮಂಡಿ ಗುಮಾಸ್ತರು ಕೊಡೆ ಮಡಚುತ್ತ ಕಿಟಕಿಯಿಂದ ತಲೆ ಹೊರಹಾಕಿ, “ಭಾಗವತ್ರು ಯಾರು ಅಂತ ಖಾತ್ರಿಯಾದ್ರೆ ರಾತ್ರಿ ಎಷ್ಟು ಹೊತ್ತಾದ್ರೂ ಒಂದು ಫೋನ್ ಮಾಡಿ!” ಎಂದು ಕೂಗಿದರು.