ಬಾಡಿಗೆಗೆಂದು ಮನೆ ಕೊಳ್ಳುವವರಿಗೆ ನಾಲ್ಕು ಮಾತು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದು ಸ್ವಂತ ವಾಸದ ಮನೆಯನ್ನು ಕುರಿತು. ವಾಸಕ್ಕೊಂದು ಮನೆಯಿದ್ದೂ ಉತ್ಪನ್ನಕ್ಕೆಂದು ಇನ್ನೊಂದನ್ನು ಕೊಳ್ಳಹೊರಟವರ ಹೊಣೆ ಅದಕ್ಕೂ ಮಿಗಿಲಾದುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕುಟುಂಬಗಳಲ್ಲಿ ನಿವೃತ್ತಿಯ ಹಣವಾಗಲಿ, ಹೊರಗೆ ದುಡಿಯುವ ಮಕ್ಕಳ ಉಳಿತಾಯವಾಗಲಿ ಸೇರಿದೊಡನೆ 'ಒಂದು ಜಾಗ ನೋಡೋಣ' ಎಂಬ ಮಾತು ಹುಟ್ಟುವುದು ಸಹಜ. ಆದರೆ ತೊಡಗಿಸುವ ಹಣ ಒಂದು ತಲೆಮಾರಿನ ದುಡಿಮೆ. ಸಹಿ ಹಾಕಬೇಕಾದ ಕಾಗದಗಳೆಲ್ಲ ಮರಾಠಿಯವು. ಪೇಟೆಯ ಮರಾಠಿ ಬಲ್ಲವರಿಗೂ ದಸ್ತಾವೇಜಿನ ಮರಾಠಿ ತಿಳಿಯುವುದೆಂಬ ಭರವಸೆಯಿಲ್ಲ. ಆದುದರಿಂದ ಹೊಸಬರು ತಿಳಿದಿರಲೇಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಲೆಕ್ಕ

25 ಲಕ್ಷ ರೂಪಾಯಿಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 30 ಲಕ್ಷದೊಳಗಿನ ಗೃಹಸಾಲವು ಆಸ್ತಿಯ ಬೆಲೆಯ ನೂರಕ್ಕೆ 90ರವರೆಗೆ ಇರಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಿಗುವುದೆಂದು ಅಷ್ಟನ್ನೂ ಪಡೆಯುವುದು ವಿವೇಕವಲ್ಲ. 5 ಲಕ್ಷ ಕೈಯಿಂದ ಹಾಕಿ 20 ಲಕ್ಷ ಸಾಲ ಮಾಡಿದೆವೆನ್ನೋಣ. ಮುದ್ರಾಂಕ ಶುಲ್ಕ, ನೋಂದಣಿ, ವಕೀಲರು, ಸಣ್ಣ ರಿಪೇರಿ ಇವಕ್ಕೆ 2 ಲಕ್ಷ ಬೇರೆ ಇಡೋಣ. ಬಡ್ಡಿ ನೂರಕ್ಕೆ 9, ಅವಧಿ 20 ವರ್ಷವಾದರೆ ತಿಂಗಳ ಕಂತು ಸುಮಾರು 17,995 ರೂಪಾಯಿ. ಮೊದಲ ಕಂತಿನಲ್ಲಿ 15,000 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು ಮೂರು ಸಾವಿರಕ್ಕೂ ಕಡಿಮೆ. ಕೊನೆಗೆ ಕಟ್ಟುವ ಒಟ್ಟು ಮೊತ್ತ 43 ಲಕ್ಷವನ್ನು ಮೀರುತ್ತದೆ.

ಇನ್ನು ಆದಾಯ. ತಿಂಗಳ ಬಾಡಿಗೆ 7,000 ಎಂದು ಹಿಡಿದರೆ ವರ್ಷಕ್ಕೆ 84,000. ಮನೆ ಒಂದು ತಿಂಗಳಾದರೂ ಖಾಲಿ ಉಳಿಯುವುದೆಂದು 7,000, ತೆರಿಗೆ ಮತ್ತು ದುರಸ್ತಿಗೆ 15,000 ಕಳೆದರೆ ಕೈಗೆ ಬರುವುದು 62,000. ಕಂತುಗಳಿಗೆ ಬೇಕಾದುದು 2 ಲಕ್ಷ 16 ಸಾವಿರ. ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 12,800 ರೂಪಾಯಿಯನ್ನು ಸಂಬಳದಿಂದಲೇ ತುಂಬಬೇಕು. 'ಬಾಡಿಗೆಯಿಂದಲೇ ಸಾಲ ತೀರುತ್ತದೆ' ಎಂಬ ದಲ್ಲಾಳಿಯ ಮಾತಿಗೆ ಈ ಲೆಕ್ಕವೇ ಉತ್ತರ. ಬೆಲೆ ಏರುವುದೆಂಬ ನಂಬಿಕೆಯ ಮೇಲೆ ಕೊಳ್ಳುವವರು, ಏರುವವರೆಗೆ ಕಂತು ಕಟ್ಟುವ ಶಕ್ತಿ ತಮಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಅದೇ ಸಾಲವನ್ನು 15 ವರ್ಷಕ್ಕೆ ಪಡೆದರೆ ಕಂತು 20,285 ಆಗುತ್ತದೆ. ತಿಂಗಳಿಗೆ 2,290 ಹೆಚ್ಚು ಕಟ್ಟಿ ಒಟ್ಟಿನಲ್ಲಿ 6 ಲಕ್ಷ 60 ಸಾವಿರಕ್ಕೂ ಮಿಕ್ಕಿ ಉಳಿಸಬಹುದು. ಏರಿಳಿಯುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ. ಕನಿಷ್ಠ ಆರು ಕಂತುಗಳ ಹಣವನ್ನು ಪ್ರತ್ಯೇಕವಾಗಿ ಇಡದೆ ಸಾಲಕ್ಕೆ ಕೈ ಹಾಕಬಾರದು. ಹೆಂಡತಿಯ ಒಡವೆ ಅಡವಿಟ್ಟು ಮುಂಗಡ ಹೊಂದಿಸುವುದಂತೂ ಕೂಡದು.

ಕಾಗದಪತ್ರಗಳ ಪರಿಶೀಲನೆ

ಕರ್ನಾಟಕದಲ್ಲಿ ಪಹಣಿ ಎನಿಸಿಕೊಳ್ಳುವುದೇ ಇಲ್ಲಿ ಸಾತ್‌ಬಾರಾ ಉತಾರಾ. ಏಳನೆಯ ನಮೂನೆ ಹಕ್ಕನ್ನೂ ಹನ್ನೆರಡನೆಯದು ಬೆಳೆಯನ್ನೂ ತಿಳಿಸುತ್ತದೆ. ಒಡೆಯನ ಹೆಸರನ್ನಷ್ಟೇ ಓದಿ ತೃಪ್ತರಾಗದೆ 'ಇತರ ಅಧಿಕಾರ' ಎಂಬ ಅಂಕಣವನ್ನು ಓದಿಸಿಕೊಳ್ಳಬೇಕು. ಸೊಸೈಟಿಯ ಬೋಜಾ, ಗೇಣಿದಾರನ ಹಕ್ಕು ಅಲ್ಲಿ ದಾಖಲಾಗಿರುತ್ತವೆ. 'ಭೋಗವಟಾದಾರ ವರ್ಗ 2' ಎಂದಿದ್ದರೆ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ಪಟ್ಟಣದ ಆಸ್ತಿಗೆ ಪ್ರಾಪರ್ಟಿ ಕಾರ್ಡ್ ನೋಡಬೇಕು. ಉಪನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷಗಳ ಶೋಧನೆಯನ್ನು ವಕೀಲರಿಂದ ಮಾಡಿಸುವುದು ಲೇಸು. ಪಿತ್ರಾರ್ಜಿತ ಆಸ್ತಿಯಾದರೆ ಮಾರುವವರ ಅಕ್ಕತಂಗಿಯರ ಸಹಿಯೂ ಬೇಕು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಸಮಪಾಲಿದೆ.

ಗಡಿಯ ಆಚೆ ಈಚೆ ಕಾಯಿದೆ ಒಂದೇ ಅಲ್ಲವೆಂಬುದನ್ನು ಮರೆಯಲಾಗದು. ರೈತರಲ್ಲದವರು ಸಾಗುವಳಿ ಜಮೀನು ಕೊಳ್ಳಲು ಕರ್ನಾಟಕದಲ್ಲಿದ್ದ ನಿರ್ಬಂಧ 2020ರಲ್ಲಿ ತೆರವಾಯಿತು. ಮಹಾರಾಷ್ಟ್ರದಲ್ಲಿ ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಅವರು ಸಾಮಾನ್ಯವಾಗಿ ಕೊಳ್ಳುವಂತಿಲ್ಲ. ಇಂಡಿಯ ಬೀಗರು ಅನುಭವದಿಂದ ಹೇಳಿದ ಮಾತು ಇಲ್ಲಿ ಸಲ್ಲದು.

ಕಟ್ಟುತ್ತಿರುವ ವಸತಿಗೃಹವನ್ನು ಕೊಳ್ಳುವುದಾದರೆ ಆ ಯೋಜನೆ ಮಹಾರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. 2016ರ ಕಾಯಿದೆಯಂತೆ ಕರಾರುಪತ್ರ ನೋಂದಣಿಯಾಗುವ ಮುನ್ನ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯಲು ನಿರ್ಮಾಣಗಾರನಿಗೆ ಅಧಿಕಾರವಿಲ್ಲ. ಮಹಿಳೆಯ ಹೆಸರಿನಲ್ಲಷ್ಟೇ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ ಒಂದರ ರಿಯಾಯಿತಿ 2021ರ ಏಪ್ರಿಲಿನಿಂದ ದೊರೆತಿದೆ.

ಬಾಡಿಗೆಯ ನಿರ್ವಹಣೆ

ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿ ಬೇರೂರಿದೆ. ಮಹಾರಾಷ್ಟ್ರದಲ್ಲಿ ಅದು ತಪ್ಪು. 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಕರಾರು ಎಷ್ಟೇ ಅವಧಿಯದಾದರೂ ಬರೆವಣಿಗೆಯಲ್ಲಿದ್ದು ನೋಂದಣಿಯಾಗಬೇಕು. ಅದರ ಹೊಣೆ ಮನೆಯೊಡೆಯನದು. ಮಾಡಿಸದಿದ್ದರೆ ಮೂರು ತಿಂಗಳವರೆಗಿನ ಸಜೆ, ಇಲ್ಲವೆ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ವಿವಾದ ಹುಟ್ಟಿದಾಗ ಷರತ್ತುಗಳ ಬಗೆಗೆ ಬಾಡಿಗೆದಾರನ ಮಾತೇ, ಸುಳ್ಳೆಂದು ಸಿದ್ಧವಾಗುವವರೆಗೆ, ನಡೆಯುತ್ತದೆ. 'ಲೀವ್ ಅಂಡ್ ಲೈಸೆನ್ಸ್' ಪದ್ಧತಿಯಲ್ಲಿ ಕರಾರು ಮಾಡಿದವನು ಅವಧಿ ಮುಗಿದರೂ ತೆರವು ಮಾಡದಿದ್ದರೆ ದುಪ್ಪಟ್ಟು ದರ ತೆರಬೇಕಾಗುತ್ತದೆ. ನಮ್ಮವನೇ, ನಮ್ಮೂರವನೇ ಎಂಬ ದಾಕ್ಷಿಣ್ಯಕ್ಕೆ ಬರಿಯ ಬಾಯಿಮಾತಿನ ಮೇಲೆ ಬೀಗದಕೈ ಕೊಡಬಾರದು. ಬರೆದ ಕಾಗದದಿಂದ ಸ್ನೇಹ ಕೆಡುವುದಿಲ್ಲ, ಉಳಿಯುತ್ತದೆ.

ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆದು, ಖರ್ಚಿಗೊಂದು ಪ್ರತ್ಯೇಕ ವಹಿ ಇಡಬೇಕು. ಆದಾಯ ತೆರಿಗೆಯಲ್ಲಿ ಸ್ಥಳೀಯ ತೆರಿಗೆ ಕಳೆದು ಉಳಿದ ಬಾಡಿಗೆಯ ನೂರಕ್ಕೆ 30ರಷ್ಟನ್ನು ದುರಸ್ತಿಯ ಲೆಕ್ಕ ಕೇಳದೆಯೇ ಬಿಟ್ಟುಕೊಡುತ್ತಾರೆ.

ದೊಡ್ಡ ಸಾಲಕ್ಕೆ ಧೈರ್ಯ ಸಾಲದವರು ಇರುವ ಮನೆಯ ಮೇಲೆಯೇ, ಮಂಜೂರಾತಿ ಪಡೆದು, ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡಬಹುದು. ಜಾಗದ ಬೆಲೆ ಉಳಿಯುತ್ತದೆ, ಕಾಗದ ಪರಿಚಿತವಾಗಿರುತ್ತದೆ, ಬಾಡಿಗೆದಾರ ಕಣ್ಣೆದುರಿಗಿರುತ್ತಾನೆ. ಹೊಸಬರಿಗೆ ಇದೇ ಒಳ್ಳೆಯ ಮೊದಲ ಪಾಠವೆಂದು ನಮ್ಮ ಅಭಿಪ್ರಾಯ. ಯಾವ ದಾರಿ ಹಿಡಿದರೂ, ಮರಾಠಿ ದಸ್ತಾವೇಜಿನ ಪ್ರತಿಯೊಂದು ಸಾಲನ್ನೂ ನಂಬಿಕೆಯ ಒಬ್ಬರಿಂದ ಕನ್ನಡದಲ್ಲಿ ಹೇಳಿಸಿಕೊಂಡು, ಮನೆಮಂದಿಯೆಲ್ಲ ಕೇಳಿ ಒಪ್ಪಿದ ಬಳಿಕವೇ ಸಹಿ ಹಾಕಬೇಕೆಂದು ಓದುಗ ಬಾಂಧವರಲ್ಲಿ ನಮ್ಮ ವಿನಂತಿ.